ಅಮ್ಮನಿಗೂ ನಡೆಯುವ ಕಾರ್ಡು

ಫೆಬ್ರವರಿ ೧೧, ಮಂಗಳವಾರ. ಟೊಲೀಡೊ.

ಬೆಳಿಗ್ಗೆ ನಾನಾಡಿದ ಮಾತು ಇನ್ನೂ ಚುಚ್ಚುತ್ತಿದೆ.

ಅಮ್ಮನನ್ನು ಮೊದಲ ಸಲ ವೃದ್ಧರ ಹಗಲು ಆರೈಕೆ ಕೇಂದ್ರಕ್ಕೆ ಕರೆದೊಯ್ದಿದ್ದೆ. ತೆರಿಗೆ ಹಿಡಿಯುವ ಮುಂಚೆಯೇ ನನ್ನ ಸಂಬಳದಿಂದ ಆರೈಕೆಗೆಂದು ಎತ್ತಿಡುವ ಹಣಕ್ಕೆ ಕಂಪನಿ ಕೊಟ್ಟಿರುವ ಕಾರ್ಡನ್ನು ಚಾಚಿದೆ. ಕೌಂಟರಿನ ಹುಡುಗಿ ತಿರುಗಿಸಿ ನೋಡಿದಳು.

"ಇದು ಮಕ್ಕಳನ್ನ ನೋಡ್ಕೊಳ್ಳೋದಕ್ಕೆ ಅಲ್ವಾ ಮೇಡಂ?"

"ಅಮ್ಮನಿಗೂ ನಡೆಯುತ್ತೆ ಕಣಮ್ಮಾ," ದನಿಯೇರಿಸಿದೆ. "ಒಬ್ಬಳನ್ನೇ ಬಿಡೋ ಹಾಗಿಲ್ಲ. ಒಲೆ ಆರಿಸೋದೂ ಮರೀತಾಳೆ. ಮಗೂಗಿಂತ ಕಡೆ ಆಗಿದಾಳೆ!"

ಕಾರ್ಡು ನಡೆಯಿತು. ತಿರುಗಿದರೆ ಅಮ್ಮ ಹಿಂದೆಯೇ ನಿಂತಿದ್ದಳು. ಬದುಕಿಡೀ ಶಾಲೆಯ ಬಸ್ಸು ಓಡಿಸಿ, ಊರ ಮಕ್ಕಳನ್ನೆಲ್ಲ ಗದರಿಸಿ ಕೂರಿಸಿದ ವಾಂಡಾ.

"ಆಯ್ತಲ್ಲ? ಸರಿ, ನೀನು ಕೆಲಸಕ್ಕೆ ಹೊರಡು ರೆನಾಟಾ," ಎಂದಳಷ್ಟೆ.

ಸಂಜೆ ಕಾರಿನಲ್ಲಿ ಕ್ಷಮೆ ಕೇಳಬೇಕೆಂದುಕೊಂಡವಳು ಹಿಮ, ಟ್ರಾಫಿಕ್ಕು ಅಂತ ಬೇರೇನೇನೋ ಮಾತಾಡಿದೆ. ಊಟಕ್ಕೆ ಅವಳಿಗಿಷ್ಟವೆಂದು ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬೇಯಿಸಿದೆ. ತಟ್ಟೆ ಖಾಲಿಯಾದ ಮೇಲೆ ಅಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು.

"ಇನ್ನೊಂದು ತಗೊಳ್ಳಲಾ?"

ನನ್ನನ್ನು, ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು, ಅಪ್ಪಣೆ ಕೇಳಿದಳು. ಪಾತ್ರೆಯನ್ನೇ ಅವಳ ಮುಂದೆ ತಳ್ಳಿದೆ. ಅವಳ ಕೋಣೆಯ ದೀಪ ಇನ್ನೂ ಉರಿಯುತ್ತಿದೆ. ಹೋಗಿ ಬಾಗಿಲು ತಟ್ಟಿದರೆ ಏನಂತ ಕ್ಷಮೆ ಕೇಳಲಿ?