ಹಾಡು ಕೂರಿಸುವ ಕೈ

ಕೊಳ್ಳೇಗಾಲ
೯ ಮೇ ೨೦೨೫, ಶುಕ್ರವಾರ

ಪ್ರೀತಿಯ ಯಜಮಾನರಿಗೆ,

ಬ್ಯಾನರಿನಲ್ಲಿ ಡಿಜೆ ಶಾಂತು, ರೇಷನ್ ಕಾರ್ಡಿನಲ್ಲಿ ಶಾಂತಮೂರ್ತಿ, ಇಬ್ಬರಿಗೂ ನಿಮ್ಮ ಕೋಮಲ ಮಾಡುವ ನಮಸ್ಕಾರ. ಆರೋಗ್ಯ ಹೇಗಿದೆ? ಬಿ.ಪಿ. ಮಾತ್ರೆ ಇಲ್ಲೇ ಟಿ.ವಿ. ಮೇಲೆ ಬಿಟ್ಟು ಹೋಗಿದ್ದೀರಿ. ಸಿಟ್ಟು ಮಾಡಿಕೊಂಡು ಹೋಗುವವರು ಮೊದಲು ಮಾತ್ರೆ ತೆಗೆದಿಟ್ಟುಕೊಳ್ಳಬೇಕು ಅಂತ ನಿಮಗೆ ಯಾರೂ ಹೇಳಿಕೊಟ್ಟಿಲ್ಲ. ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ, ಬೆಳಿಗ್ಗೆ ಒಂದು. ದೊಡ್ಡಬಸಮ್ಮ ಅತ್ತಿಗೆ ಹೂಗ್ಯಂನಲ್ಲಿ ತಮ್ಮನಿಗೆ ಮುದ್ದೆ, ಉಪ್ಸಾರು ಮಾಡಿ ಹಾಕುತ್ತಿರಬೇಕು, ಹೊಟ್ಟೆಯ ಚಿಂತೆ ನನಗಿಲ್ಲ. ಕಾಡಂಚಿನ ಊರು, ಜೋಳದ ಹೊಲಕ್ಕೆ ಆನೆ ಬಂದರೆ ಪಟಾಕಿ ಹೊಡೆಯುತ್ತಾರಂತೆ. ಎಡಗಡೆ ಮಗ್ಗುಲು ಮೇಲೆ ಮಾಡಿ ಮಲಗಿದರೆ ಅದೂ ನಿಮಗೆ ತೊಂದರೆ ಕೊಡಲಿಕ್ಕಿಲ್ಲ.

ಫೋನು ಮಾಡದೆ ಕಾಗದ ಯಾಕೆ ಅಂತ ಕೇಳುತ್ತೀರಿ. ನನ್ನ ನಂಬರು ಬ್ಲಾಕ್ ಮಾಡಿದ್ದೀರಿ, ಅದೊಂದು. ಇನ್ನೊಂದು, ಫೋನಿನಲ್ಲಿ ಹೇಳಿದರೆ ಈಚೆಗೆ ನಿಮಗೆ ಅರ್ಧ ಕೇಳಿಸುತ್ತೆ, ಉಳಿದರ್ಧ ನೀವೇ ಸೇರಿಸಿಕೊಳ್ಳುತ್ತೀರಿ. ಕಾಗದ ಪೂರ್ತಿ ಕೇಳಿಸುತ್ತೆ. ನಿಮ್ಮ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರ್ ಮಾದಣ್ಣ ಮಧ್ಯಾಹ್ನ ಎರಡಕ್ಕೆ ಬಂದು ಇಸಕೊಂಡು ಹೋಗುತ್ತೇನೆ ಅಂದಿದ್ದಾನೆ.

ನೀವು ಹೋಗಿ ಇವತ್ತಿಗೆ ಇಪ್ಪತ್ತಮೂರು ದಿನ. ಕಾರಣ ಇಡೀ ಊರಿಗೆ ಗೊತ್ತು: ನಾನು ಹೊಸ ಸಾಫ್ಟ್‌ವೇರ್ ತಂದೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದೇ ಆರಿಸಿ, ತಾಳ ನೋಡಿ, ಒಂದರ ಮೇಲೊಂದು ತಾನೇ ಕೂರಿಸುವ ಸಾಫ್ಟ್‌ವೇರು. ಹಾಡನ್ನು ಹಾಡಿನ ಮೇಲೆ ಕೂರಿಸುವುದು ಕೈಯ ಕೆಲಸ, ಕಿವಿಯ ಕೆಲಸ, ಇದೇನು ಇಡ್ಲಿ ಪಾತ್ರೆಯಾ ಅಂತ ಅಂಗಡಿ ಮುಂದೆ ನಿಂತು ಅರ್ಧ ಗಂಟೆ ಭಾಷಣ ಮಾಡಿದಿರಿ. ನಿಮ್ಮ ಹಳೇ ಲ್ಯಾಪ್‌ಟಾಪು, ಹಳೇ ಮಿಕ್ಸರು ತಬ್ಬಿಕೊಂಡು ಬಸ್ಸು ಹತ್ತಿದಿರಿ. ಪಕ್ಕದ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡಂತೆ ಕೂರಿಸಿಕೊಂಡಿದ್ದಿರಿ ಅಂತ ಮಾದಣ್ಣನೇ ಹೇಳಿದ.

ನನಗೂ ಹೀಗೆ ಆಗಿತ್ತು ಕಣ್ರಿ, ನೀವು ಮರೆತಿದ್ದೀರಿ. ಆಟೋಗೆ ಮೈಕು ಕಟ್ಟಿ ಹದಿನಾಲ್ಕು ವರ್ಷ ಈ ಊರಿನ ಸೀರೆ ಅಂಗಡಿಗಳಿಗೆಲ್ಲ ಕೂಗಿದವಳು ನಾನು. ಆಷಾಢ ಬಂದರೆ ಗಂಟಲಲ್ಲಿ ರಕ್ತ ಬರುತ್ತಿತ್ತು. ಆಮೇಲೆ ಒಂದು ದಿನ ಪೆನ್‌ಡ್ರೈವ್ ಬಂತು. ಒಂದು ಸಲ ಕೂಗಿಸಿಕೊಂಡು, ಅಮ್ಮಾ ನೀವಿನ್ನು ಬರುವುದು ಬೇಡ ಅಂದರು. ನಾನು ತವರಿಗೆ ಹೋಗಿ ಮುಖ ಊದಿಸಿಕೊಂಡು ಕೂತೆನಾ? ಇವತ್ತಿಗೂ ಸಂತೆಮಾಳದ ಕಡೆ ಹೋದರೆ ನನ್ನದೇ ದನಿ ನನಗೇ ಸೀರೆ ಮಾರಲು ಬರುತ್ತೆ. ಚೆನ್ನಾಗಿಯೇ ಕೂಗುತ್ತೆ, ನನಗಿಂತ ಚೆನ್ನಾಗಿ. ಅದಕ್ಕೆ ನೆಗಡಿ ಆಗುವುದಿಲ್ಲ. ಅದನ್ನು ಒಪ್ಪಿಕೊಂಡ ಮೇಲೇ ನಾನು ಈ ಸೌಂಡ್ಸ್ ಅಂಗಡಿ ಹಾಕಿದ್ದು, ನಿಮಗೆ ಆ ಬ್ಯಾನರು ಬರೆಸಿದ್ದು.

ಈಗ ಸುದ್ದಿಗೆ ಬರುತ್ತೇನೆ. ಕಳೆದ ಭಾನುವಾರ ಮಾಂಬಳ್ಳಿಯಲ್ಲಿ ಮದುವೆ ಮೆರವಣಿಗೆ ಇತ್ತು, ನೀವೇ ಒಪ್ಪಿಕೊಂಡಿದ್ದ ಪಾರ್ಟಿ. ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ಹೊರಟಿತು. ಮುಂದೆ ಮಹದೇವು ಸೇರಿ ತಮಟೆಯ ಐದು ಜನ, ಹಿಂದೆ ನಮ್ಮ ಬಾಕ್ಸುಗಳು, ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಾನು. ಸಾಫ್ಟ್‌ವೇರ್ ಆನ್ ಮಾಡಿದೆ. ಆಮೇಲೆ ಮಾಡಲು ಏನೂ ಇರಲಿಲ್ಲ. ಒಂದು ಸೇರು ಬೆಳ್ಳುಳ್ಳಿ ಒಯ್ದಿದ್ದೆ, ಬಿಡಿಸಿದೆ. ನಿಮ್ಮ ಜಾಗದಲ್ಲಿ ಕೂತು ಹೆಂಗಸೊಬ್ಬಳು ಬೆಳ್ಳುಳ್ಳಿ ಬಿಡಿಸಿದರೂ ಮೆರವಣಿಗೆ ನಡೆಯುತ್ತೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಎಣಿಸುವುದು ನನಗೆ ಮೊದಲಿನಿಂದ ಚಟ, ನೀವು ಬಲ್ಲಿರಿ. ನೀವಿದ್ದಾಗ ಗಾಡಿ ಮುಂದೆ ಕುಣಿಯುವವರು ಮೂವತ್ತು, ಮೂವತ್ತೈದು. ಅವತ್ತು ನಲವತ್ತೊಂದು. ಮದುಮಗನ ಅಜ್ಜಿಯನ್ನು ಸೇರಿಸಿದರೆ ನಲವತ್ತೆರಡು, ಆದರೆ ಆಕೆ ಕುಣಿದಳೋ ಎಡವಿದಳೋ ಹೇಳುವುದು ಕಷ್ಟ. ನೀವೆಲ್ಲಿ ಅಂತ ಕೇಳಿದವರು ಒಬ್ಬರು. ಅವರೂ ಗಾಡಿಯ ಡ್ರೈವರ್ ಎಲ್ಲಿ ಅಂತ ಕೇಳಿದ್ದು. ನಾನು ನಿಮ್ಮ ಹೆಸರು ಹೇಳಿದ ಮೇಲೆ, ಓ ಅವರಾ, ಚೆನ್ನಾಗಿದ್ದಾರಾ ಅಂದರು.

ನನಗೆ ಒಂದೇ ಭಯ ಇದ್ದದ್ದು ತಮಟೆಯದು. ಹೊಡೆಯುವವರಿಗೆ ಉಮೇದು ಬಂದ ಹಾಗೆ ತಮಟೆ ಓಡುತ್ತೆ. ಹಾಡಿನ ವೇಗವನ್ನು ಬೆರಳ ತುದಿಯಲ್ಲಿ ತಳ್ಳಿ ತಳ್ಳಿ ಅದರ ಜೊತೆ ಓಡಿಸುವುದು ನಿಮ್ಮ ಹೆಮ್ಮೆ. ಹದಿನಾರು ವರ್ಷದಿಂದ ಇದನ್ನೇ ಹೇಳುತ್ತಿದ್ದಿರಿ, ತಮಟೆಗೆ ಉಸಿರಿದೆ, ಮೆಷಿನ್ನಿಗೆ ಉಸಿರಿಲ್ಲ, ಇವೆರಡರ ನಡುವೆ ನಾನು ನಿಂತಿದ್ದೇನೆ ಅಂತ. ಮಾಂಬಳ್ಳಿಯ ದೊಡ್ಡ ಬೀದಿ ತಿರುವಿನಲ್ಲಿ ಈಗ ಕೆಡುತ್ತೆ, ಈಗ ಕೆಡುತ್ತೆ ಅಂತ ಬಟ್ಟಲು ಕೆಳಗಿಟ್ಟು ಕಾದೆ. ಕೆಡಲಿಲ್ಲ. ನೀರು ಕುಡಿಯಲು ನಿಂತಾಗ ಮಹದೇವುನ ಕೇಳಿದೆ. ಅವನು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ, ನನ್ನ ಮಾತು ಒಂದೂ ಸೇರಿಸಿಲ್ಲ. “ಇದು ನಿಂತ ಜಾಗ್ದಲ್ಲಿ ನಿಂತಿರ್ತದೆ ಕಣಕ್ಕಾ, ನಾವು ಇದ್ರು ಮ್ಯಾಲೆ ಆರಾಮಾಗಿ ಒಡ್ಕಂಡು ಓಯ್ತೀವಿ. ಅಣ್ಣ ಇದ್ದಾಗ ಅವ್ರು ನಮ್ಮಿಂದೆ ಓಡ್ತಾವ್ರೆ ಅಂದ್ಕಂಡಿದ್ರು. ಓಡ್ತಿದ್ದೋರು ನಾವು. ಅವ್ರು ಎಲ್ಲೆಲ್ಲಿ ಜಾರುದ್ರೋ ಅಲ್ಲಲ್ಲಿ ನಾವೂ ಜಾರ್ತಿದ್ವಿ, ಜನುಕ್ಕೆ ಗೊತ್ತಾಗ್ದಿರ್ಲಿ ಅಂತ.” ಎಷ್ಟು ವರ್ಷದಿಂದ ಹೀಗೆ ಅಂದೆ. ಐದಾರು ವರ್ಷ ಆಗಿರ್ಬೇಕು ಅಂದ. ಮರ್ಯಾದೆಯಿಂದಲೇ ಅಂದ. ಆ ಮರ್ಯಾದೆ ಕೇಳಿ ನನಗೆ ಮೈ ಉರಿಯಿತು. ಐದು ಜನ ಸೇರಿ ನನ್ನ ಗಂಡನನ್ನು ವರ್ಷಗಟ್ಟಲೆ ಕೈಹಿಡಿದು ನಡೆಸಿದ್ದಾರೆ, ನೀವು ಅವರನ್ನು ನಡೆಸುತ್ತಿದ್ದೇನೆ ಅಂತ ಮೀಸೆ ತಿರುವಿದ್ದೀರಿ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಎರಡು ಸಾವಿರದ ಒಂಬತ್ತರಲ್ಲಿ ಯಳಂದೂರಿನ ಆ ಗೃಹಪ್ರವೇಶ ನನಗೆ ನೆನಪಿದೆ. ಮೈಕ್ ಹಿಡಿದು ಬಂದವರನ್ನು ಸ್ವಾಗತ ಮಾಡಲು ನನ್ನನ್ನು ಕರೆಸಿದ್ದರು. ನಿಮ್ಮ ಹತ್ತಿರ ಎರಡು ಸಿ.ಡಿ. ಪ್ಲೇಯರು, ಒಂದು ಕಿವಿಗೆ ಹೆಡ್‌ಫೋನು. ಮಧ್ಯೆ ಕರೆಂಟು ಹೋಯಿತು, ತಮಟೆ ಮಾತ್ರ ನಡೆಯುತ್ತಿತ್ತು. ಜನರೇಟರ್ ಶುರುವಾಗುವ ತನಕ ನೀವು ಬಲಗೈ ತೋರುಬೆರಳಲ್ಲಿ ಟೇಬಲ್ಲು ಬಡಿಯುತ್ತಾ ಕಣ್ಣು ಮುಚ್ಚಿ ನಿಂತಿದ್ದಿರಿ. ಕರೆಂಟು ಬಂದದ್ದೇ ಹಾಡನ್ನು ತಮಟೆಯ ಮಡಿಲಿಗೆ ಹೇಗೆ ಇಳಿಸಿದಿರಿ ಅಂದರೆ, ಕುಣಿಯುತ್ತಿದ್ದ ಒಬ್ಬನೇ ಒಬ್ಬನೂ ಹೆಜ್ಜೆ ತಪ್ಪಲಿಲ್ಲ. ನಾನು ಎಣಿಸಿದ್ದೆ. ಆ ಬೆರಳಿಗೇ ನಾನು ಕತ್ತು ಕೊಟ್ಟಿದ್ದು, ನಿಮ್ಮ ಮೀಸೆಗಲ್ಲ. ಆ ಬೆರಳು ಮಾಡಿದ್ದನ್ನು ಈ ಸಾಫ್ಟ್‌ವೇರು ಮಾಡುವುದಿಲ್ಲ ಅಂತ ನಾನು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ. ಆದರೆ ಆ ಬೆರಳು ಈಗ ಎಲ್ಲಿದೆ ಅಂತ ಜನ ಕೇಳಿದರೆ ಏನು ತೋರಿಸಲಿ?

ಮೈಸೂರಿನ ಕಿವಿ ಡಾಕ್ಟರು ಹಾಕಿಕೊಟ್ಟ ಗೆರೆ ಚೀಟಿ ನೀವು ನೋಡಿದ್ದೀರಿ. ಎಡಗಿವಿ ಹೆಚ್ಚುಕಮ್ಮಿ ಮುಗಿದಿದೆ, ಬಲಗಿವಿಯಲ್ಲಿ ಮೇಲಿನ ದನಿಗಳು ಇಲ್ಲ. ಬಾಕ್ಸಿನ ಪಕ್ಕ ನಿಂತು ಗಳಿಸಿದ ಆಸ್ತಿ. ನೀವು ಆ ಚೀಟಿ ಮಡಿಚಿ ಜೇಬಿಗೆ ಹಾಕಿಕೊಂಡು, ನಾನು ಮೂಳೆಯಲ್ಲಿ ಕೇಳ್ತೀನಿ ಅಂದಿರಿ. ಅವತ್ತು ನಾನು ನಗಬಾರದಿತ್ತು. ಆದರೆ ನಗು ಬಂತು, ಈಗಲೂ ಬರುತ್ತೆ.

ಇಷ್ಟೆಲ್ಲ ಇದ್ದೂ ನೀವು ಹನೂರು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಪಂಥ ಕಟ್ಟಿದ್ದೀರಿ. ಯಾರೋ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಿದ್ದಾರೆ, ಏಳು ಜನ ನನಗೆ ಕಳಿಸಿದರು. ಹದಿನೆಂಟನೇ ತಾರೀಕು ಭಾನುವಾರ ಹನೂರಿನಲ್ಲಿ ಕುಮಾರಸ್ವಾಮಿಯವರ ಮಗಳ ಮದುವೆ. ಧಾರೆ ಮುಗಿದ ಮೇಲೆ ಛತ್ರದ ಅಂಗಳದಲ್ಲಿ ಒಂದು ಕಡೆ ನನ್ನ ಸಾಫ್ಟ್‌ವೇರು, ಇನ್ನೊಂದು ಕಡೆ ನಿಮ್ಮ ಕೈ. ನಿಮ್ಮ ಹಳೇ ಲ್ಯಾಪ್‌ಟಾಪಿನಲ್ಲೂ ಸಿಂಕ್ ಅಂತ ಒಂದು ಅನುಕೂಲ ಇದೆ, ಮಿಕ್ಸರಿನ ಗುಂಡಿ ಒತ್ತಿದರೆ ಎರಡು ಹಾಡಿನ ತಾಳ ತಾನೇ ಒಂದಾಗುತ್ತೆ. ಅದನ್ನು ಜೀವಮಾನದಲ್ಲಿ ಮುಟ್ಟಿಲ್ಲ, ತಾಳದ ಅಲೆ ಓಡುವ ಪರದೆಯ ಮೇಲರ್ಧಕ್ಕೆ ಟವೆಲ್ ಹೊದಿಸಿಯೇ ನುಡಿಸುತ್ತೇನೆ ಅಂದಿರಿ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗಿತ್ತು. ಶುರು ಮಾಡುವ ಮೊದಲು ಕುಮಾರಸ್ವಾಮಿಯವರ ಕಡೆಯವರು ಎಲ್ಲರ ಎದುರಿಗೆ ಮಿಕ್ಸರಿನ ಒಂದೊಂದು ಗುಂಡಿಯನ್ನೂ ಮುಟ್ಟಿ ನೋಡಲಿ, ಮೋಸ ಕಂಡರೆ ಅಥವಾ ಜನ ನನ್ನ ಕಡೆ ಕುಣಿಯದಿದ್ದರೆ ಇನ್ನು ಹೆಡ್‌ಫೋನು ಮುಟ್ಟುವುದಿಲ್ಲ ಅಂತ ಅವರ ಕೈಮೇಲೆ ಕೈ ಹಾಕಿ ಭಾಷೆ ಕೊಟ್ಟಿದ್ದೀರಿ. ನಿಯಮ ನಿಮ್ಮದೇ. ಅವರಂತೂ ಊಟದ ಮೆನು ಜೊತೆಗೆ ಇದನ್ನೂ ಪ್ರಿಂಟ್ ಹಾಕಿಸಿದ್ದಾರೆ.

ಸೋತರೆ ಮನೆಗೆ ಬರುವುದಾ ಬೇಡವಾ ಅಂತ ಯೋಚನೆ ಮಾಡಬೇಡಿ. ಬನ್ನಿ. ಗಾಡಿ ಓಡಿಸಲು, ವೈರು ಸುತ್ತಲು ನಂಬಿಕೆಯವರು ಬೇಕು. ನಿಮ್ಮ ಜಾಗ ಖಾಲಿ ಇಲ್ಲ, ಅದರ ಪಕ್ಕದ ಜಾಗ ಖಾಲಿ ಇದೆ. ಬ್ಯಾನರಿನಲ್ಲಿ ನಿಮ್ಮ ಹೆಸರು ಹಾಗೇ ಇರಲಿ ಅಂತ ಬಿಟ್ಟಿದ್ದೇನೆ, ಫೋಟೋ ಚೆನ್ನಾಗಿ ಬಂದಿದೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ, ಅವರ ಮಂಡಿನೋವು ಹೇಗಿದೆ ಅಂತ ನಾನು ಕೇಳಿದೆ ಅನ್ನಿ. ಎಳ್ಳೆಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೊಳ್ಳಲಿ. ನೀವು ತಲೆಗೆ ಹಚ್ಚಿಕೊಂಡು ಖಾಲಿ ಮಾಡಬೇಡಿ. ಮಲೆಯಲ್ಲಿರುವ ಮಾದಪ್ಪ ನಿಮ್ಮ ಮೈಗೆ ಶಕ್ತಿ ಕೊಡಲಿ, ಮಿಕ್ಕಿದ್ದಕ್ಕೆ ನಾನಿದ್ದೇನೆ.

ಇಂತಿ ನಿಮ್ಮ
ಕೋಮಲ

ತಾ.ಕ.: ಮಾದಣ್ಣ ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿಮ್ಮ ಮಿಕ್ಸರಿನ ಮೇಲೆ ನಾನು ಅಂಟಿಸಿದ ಎರಡು ಕರಿ ಸ್ಟಿಕ್ಕರ್ ಬೊಟ್ಟು ಇದೆಯಲ್ಲ, ದೃಷ್ಟಿ ಆಗದಿರಲಿ ಅಂತ ಇಟ್ಟಿದ್ದೇನೆ ಅಂದಿದ್ದೆ. ನೀವು ಪ್ರತಿ ಮದುವೆಯಲ್ಲೂ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಶುರು ಮಾಡುತ್ತೀರಿ. ಅವು ಇರುವುದು ಎರಡು ಸಿಂಕ್ ಗುಂಡಿಗಳ ದೀಪದ ಮೇಲೆ. ಹೋದ ಸೆಪ್ಟೆಂಬರಿನಲ್ಲಿ, ಒಡೆಯರಪಾಳ್ಯದ ಹತ್ತಿರದ ಆ ನಾಮಕರಣದಲ್ಲಿ ಹಾಡುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಜನ ಕೂತುಬಿಟ್ಟರಲ್ಲ, ಅದರ ಮಾರನೇ ದಿನ ನಾನೇ ಒತ್ತಿ ಅಂಟಿಸಿದ್ದು. ಅವತ್ತಿನಿಂದ ಗಾಡಿ ಹೊರಡುವ ಮುಂಚೆ ಪ್ರತಿ ಸಲ ನಾನೇ ಒತ್ತುತ್ತಿದ್ದೆ. ಆಮೇಲೆ ಎಲ್ಲ ಎಷ್ಟು ಚೆನ್ನಾಗಿ ಕೂರ್ತಾ ಇದೆ ನೋಡು, ವಯಸ್ಸಾದಂತೆ ಕೈ ಮಾಗುತ್ತೆ ಅಂದಿರಿ. ಏಳು ತಿಂಗಳು ನೀವು ತಳ್ಳಿದ್ದೆಲ್ಲ ಸುಮ್ಮನೆ ತಳ್ಳಿದ್ದು. ಜಾರದೆ ಇದ್ದದ್ದನ್ನು ತಿದ್ದಿ ತಿದ್ದಿ ಉಳಿದಿದ್ದ ಚೂರು ಕೈಯೂ ಹೋಯಿತು, ಅದರಲ್ಲಿ ನನ್ನ ಪಾಲೂ ಇದೆ. ಹನೂರಿನಲ್ಲಿ ಅಷ್ಟು ಜನರ ಮುಂದೆ ಬೇರೆಯವರು ಉಗುರು ಹಾಕಿ ಕೀಳುವುದಕ್ಕೆ ಮುಂಚೆ ಇವತ್ತೇ ನೀವು ಕೀಳಿ, ಸಿಂಕ್ ಆಫ್ ಇದೆಯಾ ನೋಡಿಕೊಂಡು, ಅತ್ತಿಗೆಯನ್ನು ಎದುರಿಗೆ ಕೂರಿಸಿಕೊಂಡು ಎರಡು ಹಾಡು ಕೂರಿಸಿ ನೋಡಿ. ಹೇಗಿತ್ತು ಅಂತ ಅವರನ್ನು ಕೇಳಬೇಡಿ, ಅವರು ತಮ್ಮನಿಗೆ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಮುಖ ನೋಡಿ.