ಬೆಣ್ಣೆಯಾದ ಬಾವಿ

ಮರಳುಗುಡ್ಡೆ ವಸತಿ, ಮೂರನೆಯ ಒಡ್ಡಿನ ಒಳಬದಿ,
ಕುಂದಾಪುರ ಕರಾವಳಿ.
ಇಸವಿ 2203, ಫೆಬ್ರವರಿ 30

ಫೋಟೋಗ್ರಾಫರ್ ಸುರೇಂದ್ರ ದೇವಾಡಿಗರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ನೀವು ಮಾಡಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ಈಗ ಅದಕ್ಕೂ ಮೂವತ್ತು ದಿನ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರ ಎನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ನೀವು ಫೋಟೋಗಳ ಕೆಳಗೆ ಬರೆದುಕೊಂಡ ಸಾಲುಗಳಿಂದ, ಅವುಗಳಲ್ಲಿ ಅಕ್ಷರಕ್ಕಿಂತ ಆಶ್ಚರ್ಯಚಿಹ್ನೆಗಳೇ ಜಾಸ್ತಿ. ನನ್ನ ಹೆಸರು ಮಂದಾರ ಖಾರ್ವಿ. ಅಕ್ಷತಾ ಎಂಬ ಹುಡುಗಿಯ ಮದುವೆಗೆ ನೀವು ಫೋಟೋ ತೆಗೆಯಲಿದ್ದೀರಿ. ಅವಳು ನನ್ನ ಮುತ್ತಜ್ಜಿಯ ಅಜ್ಜಿ. ಹಿಂದಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ನಮ್ಮ ಅಂಚೆ, ಈ ಪತ್ರವನ್ನು ಮದುವೆಗೆ ಮೊದಲೇ ನಿಮಗೆ ಮುಟ್ಟಿಸುತ್ತದಂತೆ. ನಿಮಗೆ ಇನ್ನೂ ಆಗದ್ದು ನಮಗೆ ಆಗಿ ಹಳತಾಗಿದೆ, ಆದ್ದರಿಂದ ಎಲ್ಲವನ್ನೂ ಆಗಿಹೋದಂತೆಯೇ ಬರೆಯುತ್ತೇನೆ.

ಮೊದಲು ಇಲ್ಲಿಯ ಸಂಗತಿ. ನಿಮ್ಮ ಊರಿನ ಮೇಲೆ ಕಡಲು ಒಮ್ಮೆ ಬಂದು, ಮರಳು ಹಾಸಿ, ಹಿಂದೆ ಸರಿದಿದೆ. ಆ ಮರಳಿನ ಮೇಲೆ, ಕಲ್ಲಿನ ಒಡ್ಡಿನ ಮರೆಯಲ್ಲಿ, ನಮ್ಮ ಮನೆಗಳು ಕಂಬಗಳ ಮೇಲೆ ನಿಂತಿವೆ. ಎಲ್ಲಿ ತೋಡಿದರೂ ಉಪ್ಪುನೀರು. ಕುಡಿಯಲು ಬೆಳಿಗ್ಗೆ ಹಬೆನೀರು ಬಿಡುತ್ತಾರೆ: ಕಡಲ ನೀರನ್ನು ಕಾಯಿಸಿ, ಹಬೆ ಹಿಡಿದು ತಣಿಸಿದ್ದು. ಅದರಲ್ಲಿ ಬೇಯಿಸಿದ ಗಂಜಿಗೆ ಯಾವ ಉಪ್ಪಿನಕಾಯಿ ನೆಂಚಿಕೊಂಡರೂ ತುಕ್ಕು ಹಿಡಿದ ಮೊಳೆ ನೆಕ್ಕಿದಂತಿರುತ್ತದೆ. ಸ್ನಾನ ಉಪ್ಪುನೀರಿನಲ್ಲೇ; ನನ್ನ ಕೂದಲಿನಿಂದ ಪಾತ್ರೆ ತಿಕ್ಕಬಹುದು. ಈಗ ಹಬೆಯಂತ್ರಕ್ಕೂ ವಯಸ್ಸಾಗಿದೆ. ಮಳೆಗಾಲದೊಳಗೆ ಸಿಹಿನೀರು ತೋರಿಸದಿದ್ದರೆ ವಸತಿಯನ್ನೇ ಎಬ್ಬಿಸಿ ಘಟ್ಟದ ಮೇಲೆ ಕಳಿಸುವುದಾಗಿ ನೆಲನೀರು ಮಂಡಳಿಯವರು ಹೇಳಿದ್ದಾರೆ. ಬಲೆ ಬೀಸುವುದು ಬಿಟ್ಟು ಬೇರೇನೂ ಬಾರದ ನಾವು ಅಲ್ಲಿ ಹೋಗಿ ಮಾಡುವುದಾದರೂ ಏನು?

ಸಿಹಿನೀರು ಇದ್ದದ್ದು ಅಕ್ಷತಾಳ ತವರುಮನೆಯ ಬಾವಿಯಲ್ಲಿ. ಕಡಲಿಗೆ ಅಷ್ಟು ಹತ್ತಿರವಿದ್ದರೂ ಕಡುಬೇಸಿಗೆಯಲ್ಲಿ ಅದರ ನೀರು ಎಳನೀರಿನಂತಿತ್ತು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಅದು ಎಲ್ಲಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಸಿಕ್ಕಸಿಕ್ಕಲ್ಲಿ ತೋಡಿ ನೋಡುವಂತೆಯೂ ಇಲ್ಲ. ತಪ್ಪಿದ ಕಡೆ ತೋಡಿದರೆ ಉಪ್ಪು ನುಗ್ಗಿ ಅಡಿಯಲ್ಲಿರುವ ಸಿಹಿಯೂ ಕೆಡುತ್ತದೆಂದು ಒಂದು ವಸತಿಗೆ ಒಂದೇ ತೋಡುಹಕ್ಕು ಕೊಡುತ್ತಾರೆ. ನಾನು ಹಿನ್ನೆಲೆಗಾರ್ತಿ. ಹಳೆಯ ಚಿತ್ರಗಳಲ್ಲಿ ಮನುಷ್ಯರನ್ನು ಬಿಟ್ಟು ಅವರ ಹಿಂದಿನ ಗೋಡೆ, ಮರ, ಗುಡ್ಡ ನೋಡಿ ಜಾಗ ಹೇಳುವುದು ನನ್ನ ಕೆಲಸ. ಬಡಗಣ ಗುಡ್ಡದ ಸೀಳು, ಕಡಲೊಳಗಿನ ಒಂಟಿಬಂಡೆ ಈಗಲೂ ಇದ್ದಲ್ಲೇ ಇವೆ. ಬಾವಿಯ ಹಿಂದೆ ಅವೆರಡು ಕಂಡರೆ ಸಾಕು, ನೂಲು ಹಿಡಿದು ಜಾಗ ತೋರಿಸುತ್ತೇನೆ. ಆ ಅಂಗಳದ ಚಿತ್ರಗಳಲ್ಲಿ ನಮ್ಮ ಕಾಲದವರೆಗೆ ಉಳಿದು ಬಂದದ್ದು ನಿಮ್ಮವು ಮಾತ್ರ. ಸಿಕ್ಕ ದಿನ ಕುಣಿದಾಡಿದ್ದೆ, ತೆರೆದು ನೋಡುವವರೆಗೆ.

ಸುರೇಂದ್ರರೇ, ಆ ನೂರ ಮೂವತ್ತೈದರ ಲೆನ್ಸನ್ನು ನಿಮ್ಮ ತಲೆಗೆ ಕಟ್ಟಿದವರು ಯಾರು? ಚಿತ್ರದ ಜೊತೆಗಿನ ಮಾಹಿತಿಯಲ್ಲಿ ಎಲ್ಲ ಇದೆ. 135 ಎಂಎಂ, ಅಪರ್ಚರ್ 1.8. ಮುಂದಿನ ಚಿತ್ರ, 1.8. ಅದರ ಮುಂದಿನದು, ಮತ್ತೆ 1.8. ಆ ಕಂಡಿಯನ್ನು ಕಿರಿದು ಮಾಡಲೂ ಬರುತ್ತದೆ ಎಂದು ನಿಮಗೆ ಯಾರೂ ಹೇಳಲಿಲ್ಲವೇ? ಅಷ್ಟು ಉದ್ದದ ಲೆನ್ಸಿನಲ್ಲಿ ಅಷ್ಟು ಅಗಲ ಕಂಡಿ ತೆರೆದರೆ ಮದುಮಗಳ ಕಣ್ಣು ಚೂಪಾಗಿ ಬರುತ್ತದೆ, ಜುಮಕಿ ಆಗಲೇ ಮಸುಕು, ಜಡೆ ಬರೀ ಹೊಗೆ, ಅದರಾಚೆಗೆ ಲೋಕವೇ ಇಲ್ಲ. ಅಕ್ಷತಾಳ ರೆಪ್ಪೆಗೂದಲನ್ನು ಒಂದೊಂದಾಗಿ ಎಣಿಸಬಲ್ಲೆ. ಹುಬ್ಬಿನ ಪಕ್ಕ ಕಾಡಿಗೆ ಹರಡಿದ್ದು ಕಾಣುತ್ತದೆ. ಆದರೆ ಅವಳು ಒರಗಿ ನಿಂತದ್ದು ಗೋಡೆಗೋ, ಹಲಸಿನ ಮರಕ್ಕೋ, ಯಾರದೋ ಎಮ್ಮೆಗೋ ದೇವರಾಣೆ ಗೊತ್ತಾಗುವುದಿಲ್ಲ. ಒಂದು ಹಸಿರು ಮುದ್ದೆ, ಒಂದು ಕೆಂಪು ಮುದ್ದೆ, ಮೇಲೆ ಗುಂಡಗುಂಡನೆಯ ಬೆಳಕಿನ ಬೊಟ್ಟು. ಕೆಳಗೆ ನಿಮ್ಮ ಹೆಮ್ಮೆಯ ಸಾಲು: “ಹೊಸ ಲೆನ್ಸ್!! ಹಿಂದಿನದ್ದೆಲ್ಲ ಬೆಣ್ಣೆ ಬೆಣ್ಣೆ!!!” ಆ ಬೆಣ್ಣೆಯೊಳಗೆ ನಮ್ಮ ಬಾವಿ ಇದೆ, ಮಾರಾಯರೇ.

ಸಿಟ್ಟು ಇಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಚಿತ್ರದ ಬಲಮೂಲೆಯಲ್ಲಿ, ಏನೋ ಕಲ್ಲಿನಂಥದ್ದು ಮಸುಕಿನಿಂದ ಇನ್ನೇನು ಹೊರಗೆ ಬರುತ್ತದೆ ಎನ್ನುವಲ್ಲಿ, ಅದರ ಮೇಲೆ ಸರಿಯಾಗಿ “ಸುರೇಂದ್ರ ಫೋಟೋಗ್ರಫಿ” ಎಂದು ಬಂಗಾರದ ಬಣ್ಣದಲ್ಲಿ ಬರೆದಿದ್ದೀರಿ, ಪಕ್ಕದಲ್ಲಿ ಒಂದು ಚಿಟ್ಟೆ ಬೇರೆ. ಇಡೀ ಚಿತ್ರದಲ್ಲಿ ಕಣ್ಣು ಬಿಟ್ಟರೆ ಸ್ಪಷ್ಟವಾಗಿರುವುದು ಆ ಚಿಟ್ಟೆಯೊಂದೇ. ಜಾಗದ ಗುರುತು ತಾನಾಗಿ ದಾಖಲಾಗುವ ಸೌಕರ್ಯ ನಿಮ್ಮ ಕ್ಯಾಮರಾದಲ್ಲಿತ್ತು. ಅದನ್ನು ಆಫ್ ಮಾಡಿಟ್ಟಿದ್ದೀರಿ, ಬ್ಯಾಟರಿ ಉಳಿಯಲಿ ಎಂದಿರಬೇಕು. ಮಂಡಳಿಯ ಅಧಿಕಾರಿ ನನ್ನ ಮೇಜಿನ ಬಳಿ ನಿಂತು, “ಹೆಣ್ಣು ಭಾರಿ ಚಂದ, ಬಾವಿ ಎಲ್ಲಿ?” ಎಂದು ಕೇಳಿ ಹೋದರು. ಅವರ ಮೇಲಲ್ಲ, ನಿಮ್ಮ ಮೇಲೆ ಮೈ ಉರಿಯಿತು.

ಆದ್ದರಿಂದ ಕೈಮುಗಿದು ಕೇಳಿಕೊಳ್ಳುತ್ತೇನೆ. ಮುಖಗಳ ಹಿಂದೆ ಎಷ್ಟು ಬೇಕಾದರೂ ಬೆಣ್ಣೆ ಬಳಿಯಿರಿ. ಒಂದೇ ಒಂದು ಚಿತ್ರಕ್ಕೆ ಅಪರ್ಚರನ್ನು ಹನ್ನೊಂದಕ್ಕೆ ತಂದು ಕಂಡಿ ಕಿರಿದು ಮಾಡಿ. ಅಕ್ಷತಾಳನ್ನು ಬಾವಿಕಟ್ಟೆಯ ಪಕ್ಕ ನಿಲ್ಲಿಸಿ, ಹಿಂದೆ ಗುಡ್ಡವೂ ಬಂಡೆಯೂ ಕಾಣುವಂತೆ

ಇಲ್ಲಿಗೆ ಬರೆದು ನಿಲ್ಲಿಸಿದ್ದೆ. ನಡುವೆ ಬಹಳ ದಿನ ಕಳೆದಿವೆ. ಅಂಚೆಗೆ ಹಾಕದ್ದೇ ಒಳ್ಳೆಯದಾಯಿತು.

ಅಂದು ನಿಮ್ಮ ಚಿತ್ರವೊಂದನ್ನು ಗೋಡೆಯಷ್ಟು ದೊಡ್ಡದು ಮಾಡಿ ಮನೆಯಲ್ಲೇ ನೋಡುತ್ತಿದ್ದೆ. ಉಳಿದವುಗಳಲ್ಲಿ ಅಕ್ಷತಾ ತುಟಿ ಬಿಗಿದು, ಹೇಳಿಕೊಟ್ಟಂತೆ ನಗುತ್ತಾಳೆ. ಈ ಒಂದರಲ್ಲಿ ಮಾತ್ರ ಹುಬ್ಬು ಮೇಲೆ, ಬಾಯಿ ತೆರೆದು, ಕಣ್ಣು ಅಷ್ಟಗಲ. ಕೆಟ್ಟುಹೋದ ಚಿತ್ರ ಎಂದು ನಾನು ಪಕ್ಕಕ್ಕಿಟ್ಟಿದ್ದೆ. ಪೂರ್ತಿ ಕಾಣಲೆಂದು ಹಿಂದೆ ಹಿಂದೆ ಸರಿಯುತ್ತ ಹೋದೆ, ಹಬೆನೀರಿನ ಡ್ರಮ್ಮಿಗೆ ಬಡಿದೆ. ಒಳಗಿನಿಂದ ನನ್ನ ಸೋದರತ್ತೆ ಚಂದ್ರತ್ತೆ ಕೂಗಿದರು: “ಹೋಯ್ ಸುರೇಂದ್ರ, ಹಿಂದೆ ಬಾವಿ!”

ನೋಡದೆ ಹಿಂದೆ ನಡೆಯುವವರನ್ನು ನಮ್ಮ ಮನೆಯಲ್ಲಿ ಹೀಗೇ ಕೂಗುವುದು. ನನ್ನ ತಾಯಿ ಕೂಗುತ್ತಿದ್ದರು, ಅವರ ತಾಯಿಯೂ ಕೂಗುತ್ತಿದ್ದರಂತೆ. ಸುರೇಂದ್ರ ಯಾರು ಎಂದು ಯಾರೂ ಕೇಳಿದವರಲ್ಲ. ದಿನವೂ ಆ ಚಿಟ್ಟೆಯ ಪಕ್ಕ ನಿಮ್ಮ ಹೆಸರು ಓದುತ್ತಿದ್ದ ನನಗೂ ಹೊಳೆದಿರಲಿಲ್ಲ, ನನ್ನ ತಲೆಗಿಷ್ಟು. ಅತ್ತೆಯನ್ನು ಕೇಳಿದರೆ, ಯಾವುದೋ ಮದುವೆಯಲ್ಲಿ ಫೋಟೋದವರು ಬಾವಿಗೆ ಬಿದ್ದು, ಹಗ್ಗ ಹಾಕಿ ಎತ್ತಿ, ಒಣ ಪಂಚೆ ಉಡಿಸಿ ಪಾಯಸ ಬಡಿಸಿದ ಕತೆಯನ್ನು ಸೊಪ್ಪು ಬಿಡಿಸುತ್ತಲೇ ಹೇಳಿದರು. ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ. “ನೀ ಕೇಂಡ್ಯಾ?” ಎಂದರು.

ಉದ್ದದ ಲೆನ್ಸು, ಸಣ್ಣ ಅಂಗಳ. ಮುಖ ಚೌಕಟ್ಟಿನೊಳಗೆ ಬರಬೇಕಾದರೆ ನೀವು ಹಿಂದೆ ಸರಿಯಲೇಬೇಕು, ಮತ್ತೂ ಸರಿಯಬೇಕು. ಬಾವಿ ಅಕ್ಷತಾಳ ಹಿಂದೆ ಇರಲೇ ಇಲ್ಲ, ನಿಮ್ಮ ಹಿಂದೆ ಇತ್ತು! ನಾನು ಇಷ್ಟು ದಿನ ಬೆಣ್ಣೆ ಕೆದಕಿದ್ದೇ ದಂಡ. ಅವಳ ಬಲಗಣ್ಣನ್ನು ದೊಡ್ಡದು ಮಾಡಿದೆ. ನಾನು ಶಪಿಸುತ್ತಿದ್ದ ಆ ನಿಮ್ಮ ಚೂಪು ಕಣ್ಣು, ಸುರೇಂದ್ರರೇ, ಅದರ ಕರಿಯ ಗುಡ್ಡೆಯಲ್ಲಿ ಎಲ್ಲ ಇತ್ತು: ಕ್ಯಾಮರಾ ಮುಖಕ್ಕೊತ್ತಿಕೊಂಡು ಒಂದು ಕಾಲು ಗಾಳಿಯಲ್ಲಿ ಎತ್ತಿದ ನೀವು, ನಿಮ್ಮ ಬೆನ್ನಿಗೆ ಕೆಂಪು ಕಲ್ಲಿನ ಕಟ್ಟೆ, ರಾಟೆ, ಆಚೆಗೆ ಗುಡ್ಡದ ಸೀಳು, ಕಡಲು, ಒಂಟಿಬಂಡೆ. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಅತ್ತೆ ಸೊಪ್ಪು ಬಿಟ್ಟು ಓಡಿ ಬಂದರು.

ನೂಲು ಹಿಡಿದೆವು, ತೋಡಿದೆವು. ಇಡೀ ವಸತಿ ಸುತ್ತ ನಿಂತಿತ್ತು. ಮೊದಲು ಕೆಂಪು ಕಲ್ಲಿನ ಸುತ್ತು ಸಿಕ್ಕಿತು, ಆಮೇಲೆ ನೀರು. ತಳದ ಕೆಸರು ಎತ್ತುವಾಗ ಕೈಗೆ ತಡೆದದ್ದು ಒಂದು ಕರಿಯ ಕೊಳವೆ. ತೊಳೆದರೆ ಒಳಗೆ ದಪ್ಪ ಗಾಜು, ಒಂದು ಬಿರುಕೂ ಇಲ್ಲ. ಅಂಚಿನಲ್ಲಿ 135 ಎಂದು ಓದಲು ಬರುತ್ತದೆ. ನಿಮ್ಮನ್ನು ಎತ್ತಿದವರಿಗೆ ಕ್ಯಾಮರಾ ಸಿಕ್ಕಿದ್ದರೂ ಅದರಿಂದ ಕಳಚಿ ಬಿದ್ದ ಈ ಲೆನ್ಸು ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಬೇರೆ ಮದುವೆಗಳಲ್ಲಿ ನೀವು ತೆಗೆದ ಚಿತ್ರಗಳಲ್ಲೆಲ್ಲ ಗೋಡೆ, ಮರ, ಎಮ್ಮೆ ಸ್ಪಷ್ಟವಾಗಿವೆ. ಎಷ್ಟು ಹೊಟ್ಟೆ ಉರಿದುಕೊಂಡಿರೋ. ಈಗ ಅದು ನನ್ನ ಮೇಜಿನ ಮೇಲಿದೆ, ಜೋಪಾನವಾಗಿದೆ.

ಹಾಗಾಗಿ ಮೊದಲು ಕೇಳಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಪರ್ಚರ್ ಮುಟ್ಟಬೇಡಿ. ಬೇರೆ ಲೆನ್ಸ್ ಹಾಕಬೇಡಿ. ಆ ಚಿಟ್ಟೆಯೊಂದನ್ನು ಸ್ವಲ್ಪ ಸಣ್ಣದು ಮಾಡಿದರೆ ಉಪಕಾರ. ಊಟಕ್ಕೆ ಮೊದಲು ಅಂಗಳದಲ್ಲಿ ಅಕ್ಷತಾಳ ಮುಖ ಚೌಕಟ್ಟಿಗೆ ಹಿಡಿಸದೆ ನೀವು ಹಿಂದೆ ಹಿಂದೆ ಹೋಗುವಿರಿ. ಅವಳ ಕಣ್ಣು ಅಗಲವಾಗುತ್ತದೆ, ಅವಳು ಕೂಗುತ್ತಾಳೆ. ದಯವಿಟ್ಟು ತಿರುಗಿ ನೋಡಬೇಡಿ, ಮೊದಲು ಕ್ಲಿಕ್ ಮಾಡಿ. ನಿಮಗೆ ಏನೂ ಆಗುವುದಿಲ್ಲ, ಪಾಯಸ ಕಾದಿದೆ. ನೀರು ಎದೆಮಟ್ಟ ಅಷ್ಟೆ, ಸಿಹಿಯಾಗಿದೆ. ನಾನು ಕುಡಿದು ನೋಡಿದ್ದೇನೆ.

ಮಂದಾರ ಖಾರ್ವಿ