ಕೆಂಪು ನಕ್ಷತ್ರದ ಕೌದಿ

ಅಜ್ಜಿ,

ನೀನು ಹೋಗಿ ವರ್ಷ ತುಂಬಿತೆಂದು, ನಮ್ಮ ಲಕೋಟಾ ಬುಡಕಟ್ಟಿನ ಪದ್ಧತಿಯಂತೆ ಇವತ್ತು ನಿನ್ನ ಕೌದಿಗಳನ್ನೆಲ್ಲ ಊರಿಗೆ ಹಂಚಿದೆವು. ಒಂದೊಂದಕ್ಕೂ ನೀನೇ ಪಿನ್ನು ಚುಚ್ಚಿಟ್ಟಿದ್ದ ಹೆಸರಿನ ಚೀಟಿಗಳನ್ನು ಸೈಲಸ್ ಮಾವ ಮೈಕಿನಲ್ಲಿ ಓದಿದ. ಕೊನೆಗೆ ಉಳಿದದ್ದು ಕೆಂಪು ನಕ್ಷತ್ರದ ದೊಡ್ಡ ಕೌದಿ. ಅದು ನನಗೇ ಎಂದುಕೊಂಡಿದ್ದೆ.

"ಡೆಲ್‌ರಾಯ್!" ಎಂದ ಮಾವ.

ಹೈಸ್ಕೂಲಿನಿಂದಲೂ ಡೆಲ್‌ರಾಯ್ ನನ್ನನ್ನು ಮನೆ ಮುಂದೆ ಬಿಟ್ಟು, ಟ್ರಕ್ಕಿನಿಂದ ಇಳಿಯದೆಯೇ ಹೋಗುತ್ತಿದ್ದ. ನಾನು ಪ್ರೀತಿಸುವವನು ಎಂಬುದು ಹಾಗಿರಲಿ, ಗೆಳೆಯನೆಂದೂ ನಿನಗೆ ಹೇಳಿರಲಿಲ್ಲ. ಬುಡಕಟ್ಟಿಗೆಂದು ಬಿಟ್ಟ ನಮ್ಮ ಈ ಮೀಸಲು ನೆಲದಲ್ಲಿ ಗೋಡೆಗಳಿಗೂ ಚಿಕ್ಕಮ್ಮಂದಿರಿದ್ದಾರೆ.

ಕೌದಿ ಪಡೆದ ಎಲ್ಲರಂತೆ ಅವನೂ ಸಾಲಾಗಿ ನಿಂತ ನಮ್ಮ ಮನೆಯವರ ಕೈ ಕುಲುಕುತ್ತ ಹತ್ತಿರ ಬಂದಾಗ ವರ್ನಾ ಚಿಕ್ಕಮ್ಮ ನನ್ನ ಪಕ್ಕೆ ತಿವಿದಳು: "ಲೋ, ಅಷ್ಟು ಚೆಂದದ ಕೌದಿ ಇವನಿಗ್ಯಾಕೋ? ನಮ್ಗೆ ಇವ್ನು ಏನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ," ಎಂದೆ.

ಅವನಿಗೆ ಕೇಳಿಸಿತು. ನನ್ನ ಕೈಯನ್ನೂ ಉಳಿದವರ ಕೈಯಂತೆಯೇ ಕುಲುಕಿ ಮುಂದೆ ಹೋದ.

ಅವನ ಕೌದಿಯಿಂದ ಕೆಳಗೆ ಬಿದ್ದ ಚೀಟಿಯನ್ನು ಎತ್ತಿಕೊಂಡು ಅಡುಗೆಮನೆಗೆ ಬಂದೆ. ಹೆಸರಿನ ಕೆಳಗೆ ಮಾವ ಓದದೆ ಬಿಟ್ಟ, ನೀನು ನನಗೆ ಬರೆದ ಸಾಲೊಂದಿದೆ: "ಆ ಹುಡುಗನ್ನ ಒಳಗೆ ಕರಿಯೋ, ಕಾಫಿ ಕುಡೀಲಿ."

ಹೊರಗೆ ಅವನ ಟ್ರಕ್ಕು ಸ್ಟಾರ್ಟ್ ಆಗಿದೆ, ಅಜ್ಜಿ. ನಾನಿನ್ನೂ ನಿನಗೆ ಬರೆಯುತ್ತ ಕೂತಿದ್ದೇನೆ.